ಅತ್ತೆಯ ಕೈಯಡುಗೆ

ಕಿಗ್ಗ
18-9-2005

ಅತ್ತೆಯವರಿಗೆ,

ದೇವಕಿ ಬರೆಯುವುದು. ನೀವು ಹೇಗಿದ್ದೀರಿ ಎಂದು ಕೇಳುವ ಮನಸ್ಸು ನನಗಿಲ್ಲ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ. ದೇವಸ್ಥಾನದ ಹತ್ತಿರದ ಅಂಗಡಿಯಲ್ಲಿ ಫೋನ್ ಇದೆ. ಆದರೆ ನಿಮ್ಮ ದನಿ ಕೇಳಿದರೆ ನಾನು ಏನು ಮಾತಾಡಿಬಿಡುತ್ತೇನೋ ಎಂಬ ಹೆದರಿಕೆ. ಅದಕ್ಕೇ ಕಾಗದ.

ಅಮೂಲ್ಯಾ ಉಣ್ಣುತ್ತಿಲ್ಲ. ಹಠವಲ್ಲ ಇದು. ಅಪ್ಪನ ಜೊತೆ ಕೂತು ಆ ಅಣಬೆ ಸಾರು ಎರಡು ತುತ್ತು ಉಂಡಿದ್ದಳಲ್ಲ, ಆಸ್ಪತ್ರೆಯಿಂದ ಬಂದ ಮೇಲೆ ಏನು ಬಡಿಸಿದರೂ ಮೊದಲು ಮೂಸಿ ನೋಡುತ್ತಾಳೆ. ಅನ್ನವನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಹುಡುಕುತ್ತಾಳೆ. ಬಾಳೆಹಣ್ಣು ತಿನ್ನುತ್ತಾಳೆ, ಸಿಪ್ಪೆ ತಾನೇ ಸುಲಿಯಬೇಕು. ಅವಲಕ್ಕಿ ತಿನ್ನುತ್ತಾಳೆ, ಒಣದು. ನನ್ನ ಅತ್ತಿಗೆ ಪಾಪ, ದಿನಾ ಬೇರೆ ಬೇರೆ ಮಾಡಿ ನೋಡಿದಳು. ಈಗ ಅವಳಿಗೂ ಬೇಜಾರು ಬಂದಿದೆ. ತವರಿನಲ್ಲಿ ಎಷ್ಟು ದಿನ ಅಂತ ಬೇರೆಯವರ ಒಲೆಯ ಮುಂದೆ ನಿಲ್ಲಲಿ? ಶೃಂಗೇರಿಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ದೇಹದಲ್ಲಿ ಏನೂ ಇಲ್ಲ, ನಿಧಾನಕ್ಕೆ ಸರಿಹೋಗುತ್ತದೆ ಎಂದರು. ಕೂಸಿನ ಕುತ್ತಿಗೆಯ ಎಲುಬು ಕಾಣುತ್ತಿದೆ.

ಮೊನ್ನೆ ನಿದ್ದೆಯಿಂದ ಎದ್ದವಳು ಅಜ್ಜಿ ಮಾಡುವ ಸೌತೆಕಾಯಿ ಕಡುಬು ಬೇಕು ಎಂದಳು. ನಾನು ಮದುವೆಯಾಗಿ ಬಂದ ಮೇಲೆ ನಿಮ್ಮ ಒಲೆಯ ಹತ್ತಿರ ಕಾಯಿ ತುರಿದಿದ್ದೇನೆ, ಸೊಪ್ಪು ಸೋಸಿದ್ದೇನೆ. ಹದ ಮಾತ್ರ ನಿಮ್ಮ ಕೈಯಲ್ಲೇ ಇತ್ತು. ನಾನು ಕಲಿಯುವ ಅಗತ್ಯ ಬೀಳುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ಅದನ್ನು ಹೇಗೆ ಮಾಡುವುದು ಎಂದು ಬರೆದು ಕಳಿಸಿ. ಕೂಸಿಗಾಗಿ ಕೇಳುತ್ತಿದ್ದೇನೆ. ನಾವು ಮತ್ತೆ ನಾರ್ವೆಯ ಮನೆಗೆ ಬರುತ್ತೇವೆ ಎಂದು ತಿಳಿದುಕೊಳ್ಳಬೇಡಿ.

ದೇವಕಿ


ನಾರ್ವೆ
(ಕೊಪ್ಪ ತಾಲೂಕು)
29-9-2005

ದೇವಕಿಗೆ ವೆಂಕಮ್ಮನ ಆಶೀರ್ವಾದ.

ನನ್ನ ಅಕ್ಷರ ನಿನಗೆ ಗೊತ್ತಲ್ಲ, ನಾಲ್ಕನೇ ಇಯತ್ತೆಯದ್ದು. ನಿಧಾನ ಓದು.

ಸೌತೆಕಾಯಿ ಬಲಿತು ಹಳದಿಯಾಗಿರಬೇಕು. ಎಳೆಯದು ಬೇಡ, ನೀರು ಬಿಟ್ಟು ಕೆಡಿಸುತ್ತದೆ. ತಿರುಳು ಬೀಜ ತೆಗೆದು ತುರಿ. ಅಕ್ಕಿಯನ್ನು ನೆನೆಸಿ, ನೀರು ಬಸಿದು, ಒರಳಲ್ಲಿ ತರಿತರಿಯಾಗಿ ತಿರುವು. ಮಿಕ್ಸಿಯಾದರೆ ನುಣ್ಣಗಾಗಿ ಅಂಟಾಗುತ್ತದೆ, ನಿನ್ನ ಅತ್ತಿಗೆಗೆ ಹೇಳು. ಬೆಲ್ಲ, ಕಾಯಿತುರಿ, ಒಂದು ಏಲಕ್ಕಿ. ನೀರು ಮಾತ್ರ ಹಾಕಬೇಡ ಮಾರಾಯ್ತಿ, ಸೌತೆಕಾಯಿಯ ನೀರೇ ಸಾಕು. ಮುದ್ದೆ ಕೈಗೆ ಅಂಟಬೇಕು, ಆದರೆ ಕೈ ಕೊಡವಿದರೆ ಬೀಳಬೇಕು. ಅರಿಶಿನದ ಎಲೆಯಲ್ಲಿ ಮಡಚಿ ಹಬೆಗೆ ಇಡು. ಎಲೆಯ ಘಮ ಅಂಗಳಕ್ಕೆ ಬಂದರೆ ಬೆಂದಿದೆ ಎಂದು ಅರ್ಥ.

ನನ್ನ ಅಮ್ಮ ಕಮ್ಮರಡಿಯಲ್ಲಿ ಇದನ್ನೆಲ್ಲ ಹೇಳಿಕೊಟ್ಟದ್ದಲ್ಲ. ನನ್ನ ಕೈಯನ್ನು ಹಿಡಿದು ಹಿಟ್ಟಿನೊಳಗೆ ಅದ್ದುತ್ತಿದ್ದಳು, ಗೊತ್ತಾಯಿತಾ ಎನ್ನುತ್ತಿದ್ದಳು. ನಾನು ನಿನಗೆ ಹಾಗೆ ಮಾಡಬೇಕಿತ್ತು.

ವಿಜಯ ಸಣ್ಣವನಿರುವಾಗ ಕಡುಬು ಆರುವವರೆಗೆ ಕಾಯುತ್ತಿರಲಿಲ್ಲ. ಎಲೆ ಬಿಡಿಸಿದರೆ ಕಡುಬಿನ ಮೇಲೆ ಎಲೆಯ ನರದ ಗೀಟು ಬಿದ್ದಿರುತ್ತದಲ್ಲ, ಇದು ಕೊಪ್ಪದ ರಸ್ತೆ, ಇದು ಶೃಂಗೇರಿ ರಸ್ತೆ ಅಂತ ಬೆರಳಿಟ್ಟು ತೋರಿಸುತ್ತಿದ್ದ. ಮೊದಲು ಕೊಪ್ಪದ ರಸ್ತೆ ತಿನ್ನುವುದು, ಆಮೇಲೆ ಉಳಿದದ್ದು. ಬಾಯಿ ಸುಟ್ಟುಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದ. ಕೂಸಿಗೂ ಅದನ್ನೇ ಕಲಿಸಿದ್ದಾನೆ, ನೀನೂ ನೋಡಿದ್ದೀ.

ಇಲ್ಲಿ ನಾನು ಒಲೆಯ ಹತ್ತಿರ ಹೋಗುವುದಿಲ್ಲ. ನಿನ್ನ ಮಾವ ಅವರೇ ಗಂಜಿ ಬೇಯಿಸುತ್ತಾರೆ. ನನ್ನ ಬಟ್ಟಲು ತಂದು ಇಡುತ್ತಾರೆ, ಮಾತಾಡುವುದಿಲ್ಲ. ನನ್ನ ಕೈಯದ್ದನ್ನು ಅವರಾದರೂ ಯಾಕೆ ಉಣ್ಣಬೇಕು.

ಕೂಸು ತಿಂದಳಾ ಎಂದು ಒಂದು ಸಾಲು ಬರೆ.

ವೆಂಕಮ್ಮ


ಕಿಗ್ಗ
6-11-2005

ಅತ್ತೆಯವರಿಗೆ,

ನೀವು ಕೇಳಿದ ಒಂದು ಸಾಲು: ತಿನ್ನಲಿಲ್ಲ.

ನೀವು ಹೇಳಿದ ಹಾಗೇ ಮಾಡಿದೆ. ಒರಳಲ್ಲೇ ತಿರುವಿದೆ. ಘಮ ಅಂಗಳಕ್ಕೆ ಬಂತು, ಕೂಸು ಅಂಗಳದಿಂದ ಓಡಿ ಬಂದಳು. ಅವಳು ಓಡಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಅತ್ತಿಗೆ, ಅಣ್ಣ ತಿಮ್ಮಪ್ಪ, ಎಲ್ಲರೂ ಸುತ್ತ ಕೂತೆವು. ಅವಳೇ ಎಲೆ ಬಿಡಿಸಿದಳು. ಬೆರಳಿಟ್ಟು ರಸ್ತೆ ನೋಡಿದಳು. ಆಮೇಲೆ ನನ್ನ ಮುಖ ನೋಡಿ, ಕೊಪ್ಪದ ರಸ್ತೆ ಅಪ್ಪನದ್ದಲ್ಲವಾ, ಅದನ್ನು ಈಗ ಯಾರು ತಿನ್ನಬೇಕು ಎಂದು ಕೇಳಿದಳು. ಎಲೆಯನ್ನು ಇದ್ದ ಹಾಗೇ ಮಡಚಿ ಇಟ್ಟು ಎದ್ದು ಹೋದಳು. ನಾನು ಎಲ್ಲವನ್ನೂ ದನದ ಬಾನಿಗೆ ಸುರಿದೆ.

ಆ ರಸ್ತೆಯ ಮಾತು ನನಗೂ ಗೊತ್ತಿತ್ತು. ನೀವು ಅದನ್ನು ಬರೆಯಬಾರದಿತ್ತು. ಮಾಡುವಾಗೆಲ್ಲ ಅದೇ ತಲೆಯಲ್ಲಿ ಓಡಿ, ಕೂಸಿನ ಮುಂದೆ ನನ್ನ ಮುಖ ಮೊದಲೇ ಕೆಟ್ಟಿತ್ತೇನೋ.

ಬರೆಯುವುದೋ ಬೇಡವೋ ಎಂದು ಇದನ್ನು ತುಂಬಾ ದಿನ ಇಟ್ಟುಕೊಂಡಿದ್ದೆ. ಕೇಳಿಯೇ ಬಿಡುತ್ತೇನೆ. ಆವತ್ತು ನಾನು ಕೂಸನ್ನು ಅದರ ಅಪ್ಪನ ಹತ್ತಿರ ಬಿಟ್ಟು ಇಲ್ಲಿ ಅಣ್ಣನ ಮಗುವಿನ ನಾಮಕರಣಕ್ಕೆ ಬಂದಿದ್ದೆ. ಅವರು ಅಣಬೆ ತಂದರು, ನೀವು ಸಾರು ಮಾಡಿದಿರಿ, ಅವರು ರುಚಿಯಾಗಿದೆ ಎಂದು ಎರಡನೇ ಸಲ ಬಡಿಸಿಕೊಂಡರು. ಇದನ್ನು ಆಸ್ಪತ್ರೆಯಲ್ಲಿ ಅವರೇ ನನಗೆ ಹೇಳಿದರು. ವಾಂತಿ ನಿಂತು, ಹುಷಾರಾದೆ ಎಂದು ನಕ್ಕ ದಿನ ಹೇಳಿದ್ದು. ಮಾರನೇ ದಿನ ಕಣ್ಣು ಹಳದಿಯಾಯಿತು.

ನೀವು ಯಾಕೆ ಉಣ್ಣಲಿಲ್ಲ? ಅಣಬೆ ಎಂದರೆ ನೀವು ಬಿಡುವವರಲ್ಲ. ಇಲ್ಲಿ ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ, ಮಾಡಿದವಳು ಹೇಗೆ ಉಳಿದಳು ಎಂದು. ನಾನು ಅವರ ಬಾಯಿ ಮುಚ್ಚಿಸಬೇಕಲ್ಲ. ಮುಚ್ಚಿಸಲು ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದ್ದರೆ ಬರೆಯಿರಿ.

ದೇವಕಿ


ನಾರ್ವೆ
12-1-2006

ಚಿ. ದೇವಕಿಗೆ ಮಂಜಪ್ಪ ಬರೆಯುವುದು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅದನ್ನು ನಿನ್ನ ಅತ್ತೆ ಓದಿ ಮಡಚಿ ದೇವರ ಗೂಡಿನಲ್ಲಿಟ್ಟಳು. ಆಮೇಲೆ ನಾನು ಇಟ್ಟ ಬಟ್ಟಲು ಹಾಗೇ ಉಳಿಯತೊಡಗಿದ ಮೇಲೆ ನಾನು ಅದನ್ನು ತೆಗೆದು ಓದಿದೆ. ಅವಳು ನಿನಗೆ ಉತ್ತರ ಬರೆಯುವುದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆವತ್ತು ನಾನು ಸೊಸೈಟಿಯ ಮೀಟಿಂಗಿಗೆ ಕೊಪ್ಪಕ್ಕೆ ಹೋಗಿದ್ದೆ. ವಿಜಯ ಬೇಲಿ ಕಟ್ಟಲು ಕಾಡಂಚಿನ ಹಕ್ಕಲಿಗೆ ಹೋದವನು ಅಣಬೆ ತಂದನಂತೆ. ನಿನ್ನ ಅತ್ತೆಗೆ ಅಣಬೆ ಗೊತ್ತಿದೆ. ಹುತ್ತದ ಅಣಬೆಯ ಬುಡ ಬೇರಿನ ಹಾಗೆ ಮಣ್ಣೊಳಗೆ ಉದ್ದಕ್ಕೆ ಇಳಿದಿರುತ್ತದೆ, ಅದನ್ನು ನೋಡದೆ ಅವಳು ಯಾವತ್ತೂ ಪಾತ್ರೆಗೆ ಹಾಕಿದವಳಲ್ಲ. ಮಗನಿಗೂ ಅದನ್ನೇ ಕಲಿಸಿದ್ದಳು. ಆವತ್ತು ಅವನು ಕಿತ್ತು ತಂದಿರಲಿಲ್ಲ. ಕೈಯಲ್ಲಿ ಕತ್ತಿ ಇತ್ತು, ಮಳೆ ಬರುತ್ತಿತ್ತು, ಕೊಯ್ದು ತಂದ. ಬುಡ ಎಲ್ಲಿ ಎಂದು ಅವಳು ಕೇಳಿದಳಂತೆ. ನೋಡಿಯೇ ಕೊಯ್ದಿದ್ದೇನೆ ಅಮ್ಮ, ಹುತ್ತದ್ದೇ ಎಂದನಂತೆ. ಮೂವತ್ತು ದಾಟಿದ ಮಗ ಹೇಳಿದ್ದನ್ನು ನಂಬಿದಳು. ತಿಥಿ ಮುಗಿದ ಮೇಲೆ ನಾನು ಹಕ್ಕಲಿಗೆ ಹೋಗಿ ಹುಡುಕಿದೆ. ಹುತ್ತದ ಬದಿಯಲ್ಲಿ ಎರಡೂ ಜಾತಿ ಇತ್ತು. ಕೊಯ್ದ ಜಾಗದಲ್ಲಿ ಮಣ್ಣು ಕೆದಕಿದರೆ ಕೆಲವಕ್ಕೆ ಬುಡದಲ್ಲಿ ವಿಷದ ಅಣಬೆಗಿರುವ ಬಿಳೀ ಚೀಲದಂಥದ್ದು ಸಿಕ್ಕಿತು. ಇದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ತಪ್ಪು ಮಗನದ್ದು ಎಂದ ಹಾಗಾಗುತ್ತದೆ. ಅದನ್ನು ಅವಳು ತಡೆದುಕೊಳ್ಳುವುದಿಲ್ಲ.

ಅವಳು ಯಾಕೆ ಉಣ್ಣಲಿಲ್ಲ ಎಂದು ಕೇಳಿದ್ದೀ. ಪಾತ್ರೆಯಲ್ಲಿ ಒಬ್ಬರಿಗೆ ಆಗುವಷ್ಟು ಉಳಿದಿತ್ತು. ಅದನ್ನು ನನಗೆಂದು ಮುಚ್ಚಿಟ್ಟು ತಾನು ಮಜ್ಜಿಗೆ ಅನ್ನ ಉಂಡಳು. ನಾನು ಬಂದಾಗ ಬಡಿಸಲು ಎದ್ದಳು. ಕೊಪ್ಪದಲ್ಲಿ ಉಂಡಾಗಿದೆ, ಬೆಳಗ್ಗೆ ರೊಟ್ಟಿಗೆ ಆಯಿತು ಎಂದೆ. ನಾವಿಬ್ಬರೂ ಉಳಿದದ್ದು ಹೀಗೆ. ಇದಕ್ಕಿಂತ ಹೆಚ್ಚಿನ ಕಾರಣ ಇಲ್ಲ.

ಇನ್ನೂ ಒಂದು ವಿಷಯ ನಿನಗೆ ಗೊತ್ತಿಲ್ಲ. ಬೆಳಗ್ಗೆ ವಾಂತಿ ಜೋರಾಗಿ, ಅವನನ್ನೂ ಕೂಸನ್ನೂ ನೆರೆಮನೆಯ ಗಜಾನನನ ಜೀಪಿನಲ್ಲಿ ಕೊಪ್ಪಕ್ಕೆ ಕರೆದುಕೊಂಡು ಹೋದೆ. ಅಲ್ಲಿಂದ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ನಿನ್ನ ಅಣ್ಣನಿಗೆ ಫೋನ್ ಮಾಡಿಸಿ, ಬಟ್ಟೆಬರೆಗೆ ಎಂದು ನಾನು ಮನೆಗೆ ಬಂದೆ. ನಿನ್ನ ಅತ್ತೆ ಅಡುಗೆಮನೆಯಲ್ಲಿ ಕೂತಿದ್ದಳು. ಮುಂದೆ ಬಟ್ಟಲಲ್ಲಿ ಅನ್ನ, ಅದರ ಮೇಲೆ ಆ ಸಾರು ಪೂರ್ತಿ ಸುರಿದುಕೊಂಡಿದ್ದಳು. ಕಲಸಿ ತುತ್ತು ಎತ್ತಿದ್ದಳು. ನಾನು ಬಟ್ಟಲು ಒದ್ದೆ. ಬಾಯಿಗೆ ಕೈ ಹಾಕಿ ನೋಡಿದೆ. ಕೆನ್ನೆಗೆ ಹೊಡೆದೆ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಕೈ ಎತ್ತಿದವನಲ್ಲ. ಅವಳು ಅಳಲಿಲ್ಲ. ನನಗೂ ಇಷ್ಟು ಬಿಡಿ ಎಂದಳು.

ಆವತ್ತಿನಿಂದ ಅಡುಗೆಮನೆಯಲ್ಲಿ ಅವಳನ್ನು ಒಬ್ಬಳೇ ಬಿಡಲು ನನಗೆ ಧೈರ್ಯವಿಲ್ಲ. ಗಂಜಿ ನಾನೇ ಬೇಯಿಸುತ್ತೇನೆ. ಅಸಹ್ಯಪಟ್ಟು ದೂರ ಇಟ್ಟಿದ್ದೇನೆ ಎಂದು ಅವಳು ತಿಳಿದಿದ್ದಾಳೆ. ಹಾಗಲ್ಲ ಎಂದು ಹೇಳಲು ಹೋಗುತ್ತೇನೆ, ನಾಲಗೆ ಏಳುವುದಿಲ್ಲ. ಮಾತು ಶುರುವಾದರೆ ವಿಜಯನ ಹೆಸರು ಬರುತ್ತದೆ.

ನೀನು ಬರಬೇಕೆಂದು ಇದನ್ನು ಬರೆದದ್ದಲ್ಲ. ಕೇಳಿದವರಿಗೆ ಉತ್ತರ ಹೇಳು, ಇಲ್ಲವಾದರೆ ಬಿಡು. ಆದರೆ ಅವಳಿಗೆ ಇನ್ನು ಆ ಪ್ರಶ್ನೆ ಬರೆಯಬೇಡ.

ಮಂಜಪ್ಪ


ನರಸಿಂಹರಾಜಪುರ
25-6-2006

ಅತ್ತೆಯವರಿಗೆ,

ಮಾವನವರ ಕಾಗದ ಬಂದಿತ್ತು. ಅದಕ್ಕೆ ಬರೆಯಲು ಕೂತಾಗೆಲ್ಲ ಬೇರೆ ಕೆಲಸ ನೆನಪಾಗುತ್ತಿತ್ತು.

ನಾವು ಈಗ ನರಸಿಂಹರಾಜಪುರದಲ್ಲಿದ್ದೇವೆ. ಇಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಅಡುಗೆಗೆ ಜನ ಬೇಕೆಂದು ಅಣ್ಣನಿಗೆ ತಿಳಿಯಿತು. ಒಂದು ಕೋಣೆ ಹಿಡಿದಿದ್ದೇನೆ. ಪಕ್ಕದ ಮನೆಯ ಯಮುನಮ್ಮ ಎನ್ನುವವರು ಒಳ್ಳೆಯವರು, ನಾನು ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುತ್ತಾರೆ. ಅಮೂಲ್ಯಾಳನ್ನು ಒಂದನೇ ಕ್ಲಾಸಿಗೆ ಸೇರಿಸಿದೆ.

ಅವಳು ಈಗ ಉಣ್ಣುತ್ತಾಳೆ. ಹೇಗೆ ಎಂದು ಹೇಳಬೇಕು. ಹಾಸ್ಟೆಲಿನ ಹಂಡೆಯಲ್ಲಿ ಎಲ್ಲರಿಗೂ ಒಟ್ಟಿಗೆ ಸಾರು ಮಾಡುತ್ತೇವಲ್ಲ, ಆ ಹುಡುಗಿಯರೆಲ್ಲ ಉಂಡು ಕೈ ತೊಳೆದು, ನಗುತ್ತಾ ಹೊರಗೆ ಹೋದದ್ದನ್ನು ನೋಡಿದ ಮೇಲೆ ಅದೇ ಹಂಡೆಯದ್ದನ್ನು ಉಣ್ಣುತ್ತಾಳೆ. ಮನೆಯಲ್ಲಿ ನಾನು ಅವಳಿಗೆಂದು ಮಾಡಿದ್ದನ್ನು ಈಗಲೂ ಮುಟ್ಟುವುದಿಲ್ಲ. ಮೈ ತುಂಬಿಕೊಂಡಿದೆ. ನನಗೆ ಅಷ್ಟು ಸಾಕು ಎಂದುಕೊಳ್ಳುತ್ತೇನೆ. ಒಂದೊಂದು ಸಲ ಸಾಕಾಗುವುದಿಲ್ಲ.

ಸೌಟು ಹಿಡಿಯುವುದು ಮಾತ್ರ ಎರಡು ತಿಂಗಳಿಗೆ ಮುಗಿಯಿತು. ಕೊಪ್ಪದ ಕಡೆಯ ಒಬ್ಬ ಹುಡುಗಿಯ ತಂದೆ ಬಂದವರು ನನ್ನ ಗುರುತು ಹಿಡಿದರು. ನಾರ್ವೆಯ ಅಣಬೆ ಮನೆಯವಳಲ್ಲವಾ ಎಂದು ವಾರ್ಡನ್ ಹತ್ತಿರ ಕೇಳಿದರಂತೆ. ವಾರ್ಡನ್ ಕೆಟ್ಟವರಲ್ಲ. ನನ್ನನ್ನು ಕರೆದು, ನನಗೇನೂ ಇಲ್ಲ ದೇವಕಿ, ಮಕ್ಕಳ ಮನೆಯವರು ಹೆದರುತ್ತಾರೆ, ಸ್ವಲ್ಪ ದಿನ ಪಾತ್ರೆ ತೊಳೆಯುವ ಕಡೆ ಇರು ಎಂದರು. ಈಗ ಪಾತ್ರೆ ತೊಳೆಯುತ್ತೇನೆ. ನಾನು ಆವತ್ತು ಆ ಮನೆಯಲ್ಲೇ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅದು ನಿಮ್ಮ ಮೇಲೆ ಬೀಳುತ್ತಿತ್ತು. ಸುಮ್ಮನಾದೆ. ಯಾಕೆ ಸುಮ್ಮನಾದೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ನಿಮ್ಮ ಮೇಲೆ ಕೋಪ ಹೋಗಿದೆ ಎಂದು ಇದರ ಅರ್ಥವಲ್ಲ.

ನೀವು ಊಟ ಬಿಡಬೇಡಿ.

ದೇವಕಿ


ನಾರ್ವೆ
8-7-2006

ದೇವಕಿಗೆ,

ಕೂಸು ಉಣ್ಣುತ್ತದೆ ಎಂದು ಓದಿ ನಿನ್ನ ಮಾವನಿಗೆ ಕಾಗದ ಕೊಟ್ಟೆ. ಅವರು ಓದಿ ಕಣ್ಣು ಒರೆಸಿಕೊಂಡು ತೋಟಕ್ಕೆ ಹೋದರು.

ಪಾತ್ರೆ ತೊಳೆಯುವ ಕೆಲಸ ನನ್ನಿಂದ ನಿನಗೆ ಬಂತು. ನಾನು ಬಂದು ನಿಮ್ಮ ವಾರ್ಡನ್‌ಗೆ ಹೇಳಲಾ, ಮಾಡಿದ್ದು ನಾನು, ಅವಳಲ್ಲ ಎಂದು? ನೀನು ಹೂಂ ಎಂದರೆ ಬರುತ್ತೇನೆ. ಕೂಸಿಗೆ ಮುಖ ತೋರಿಸುವುದಿಲ್ಲ, ಹಾಗೇ ಬಸ್ಸು ಹತ್ತುತ್ತೇನೆ.

ವಿಜಯನ ವರ್ಷಾಂತಿಕಕ್ಕೆ ಬರುತ್ತೀಯಾ ಎಂದು ಮಾವ ಕೇಳಲು ಹೇಳಿದರು. ಅಡುಗೆಗೆ ಬೇರೆ ಜನ ಹೇಳಿದ್ದಾರೆ.

ವೆಂಕಮ್ಮ


ನರಸಿಂಹರಾಜಪುರ
30-8-2006

ಶ್ರೀ ಮಂಜಪ್ಪನವರಿಗೆ,

ನಿಮಗೆ ನನ್ನ ಪರಿಚಯ ಇಲ್ಲ. ದೇವಕಿಯ ಪಕ್ಕದ ಮನೆಯ ಯಮುನಮ್ಮ ನಾನು. ಇಲ್ಲೆಲ್ಲ ಚಿಕೂನ್‌ಗುನ್ಯ ಜ್ವರ ಹರಡಿದೆ. ದೇವಕಿಗೆ ಬಂದು ಹದಿನೈದು ದಿನವಾಯಿತು. ಕೂಸನ್ನು ನನ್ನ ಹತ್ತಿರ ಬಿಟ್ಟು ಒಬ್ಬಳೇ ವರ್ಷಾಂತಿಕಕ್ಕೆ ಬಂದಿದ್ದಳಲ್ಲ, ನಿಮ್ಮಲ್ಲಿಂದ ಬಂದ ಮೇಲೆ ಮಲಗಿದ್ದು. ಜ್ವರ ಬಿಟ್ಟಿದೆ, ಗಂಟುಗಳು ಬಿಟ್ಟಿಲ್ಲ. ಕೈಬೆರಳು ಮಡಚಲು ಬರುವುದಿಲ್ಲ. ಲೋಟ ಎತ್ತಲು ಆಗುವುದಿಲ್ಲ. ಹಾಸ್ಟೆಲಿನವರು ಬೇರೆ ಜನ ನೋಡುತ್ತೇವೆ ಎಂದಿದ್ದಾರೆ. ಅವಳ ಅಣ್ಣನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇದೇ ಜ್ವರದಲ್ಲಿ ಬಿದ್ದಿದ್ದಾರೆ. ನನಗೂ ಶುರುವಾಗುವ ಹಾಗೆ ಕಾಣುತ್ತದೆ.

ಯಾರಿಗೆ ಬರೆಯಲಿ ಎಂದು ಕೇಳಿದರೆ ಯಾರಿಗೂ ಬೇಡ ಎಂದಳು. ನಿನ್ನೆ ಮತ್ತೆ ಕೇಳಿದೆ. ಅತ್ತೆಗೆ ಬರೆಯಿರಿ ಎಂದಳು. ವಿಳಾಸದಲ್ಲಿ ಮಾವನ ಹೆಸರು ಹಾಕಿ ಎಂದಳು.

ಯಮುನಮ್ಮ


ನರಸಿಂಹರಾಜಪುರ
10-9-2006

ಮನೆಯವರಿಗೆ ವೆಂಕಮ್ಮನ ನಮಸ್ಕಾರ.

ನಾನು ಸುಖವಾಗಿ ಬಂದು ಮುಟ್ಟಿದೆ. ಬಸ್ ಹತ್ತಿಸುವಾಗ ನೀವು, ಅಲ್ಲಿ ಅಡುಗೆ ನೀನೇ ಮಾಡಬೇಕಾಗುತ್ತದೆ, ಹೆದರಬೇಡ ಎಂದಿರಿ. ಒಂದು ವರ್ಷದಲ್ಲಿ ನನಗೆ ನೀವು ಆಡಿದ ಮಾತಿನಲ್ಲಿ ಅದೇ ಉದ್ದದ್ದು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ.

ದೇವಕಿ ಚಾಪೆಯ ಮೇಲೆ ಮಲಗಿದ್ದಳು. ನನ್ನನ್ನು ನೋಡಿ ಏಳಲು ಹೋದಳು, ಆಗಲಿಲ್ಲ. ಬೆರಳುಗಳು ಊದಿ ಕೋಲಿನ ಹಾಗಾಗಿವೆ. ತಲೆ ಬಾಚಿ ಎಷ್ಟು ದಿನವಾಗಿತ್ತೋ. ಬಂದಿರಾ ಎಂದಳು, ಅಷ್ಟೇ. ನಾನು ಬಿಸಿನೀರು ಕಾಯಿಸಿ ಮೈ ಒರೆಸಿದೆ, ತಲೆ ಬಾಚಿದೆ. ಅವಳು ಗೋಡೆ ನೋಡುತ್ತಿದ್ದಳು.

ಆಮೇಲೆ ಸ್ಟೌವ್ ಮುಂದೆ ಹೋಗಿ ನಿಂತೆ. ಅಕ್ಕಿಯ ಡಬ್ಬ ತೆಗೆದೆ, ಮುಚ್ಚಿದೆ. ಯಮುನಮ್ಮನೂ ಜ್ವರದಲ್ಲಿ ಮಲಗಿದ್ದಾರೆ, ಬೇರೆ ಯಾರನ್ನು ಕರೆಯಲಿ. ಕೊನೆಗೆ ಅಕ್ಕಿಯನ್ನು ಮೊರಕ್ಕೆ ಹಾಕಿ ಬಾಗಿಲ ಬೆಳಕಿಗೆ ಹಿಡಿದು ಆರಿಸಿದೆ. ಮತ್ತೆ ಆರಿಸಿದೆ. ಕಲ್ಲು ಇರಲಿಲ್ಲ, ಹುಳ ಇರಲಿಲ್ಲ, ಆದರೂ ಕೈ ನಿಲ್ಲಲಿಲ್ಲ. ದೇವಕಿ ಮಲಗಿದಲ್ಲಿಂದಲೇ, ಸಾಕು ಅತ್ತೆ, ಇಡಿ ಎಂದಳು. ಇಟ್ಟೆ.

ಗಂಜಿಯಾಯಿತು. ಬಟ್ಟಲಿಗೆ ಹಾಕಿ ಅವಳ ಹತ್ತಿರ ಕೂತೆ. ಅವಳ ಕೈಗೆ ಚಮಚ ಹಿಡಿಯಲು ಬರುವುದಿಲ್ಲ, ನಾನೇ ಕುಡಿಸಬೇಕು. ಮೊದಲ ಚಮಚ ಅವಳ ಸೀರೆಯ ಮೇಲೆ ಚೆಲ್ಲಿತು. ಮೊದಲು ನಾನು ಕುಡಿದು ತೋರಿಸಲಾ ಎಂದು ಕೇಳಿದೆ. ಅವಳು ಬಾಯಿ ತೆರೆದಳು. ಒಂದು ಚಮಚ ಕುಡಿದಳು. ಇನ್ನೊಂದು ಕುಡಿದಳು. ಆಮೇಲೆ, "ಉಪ್ಪು ಸಾಲದು ಅತ್ತೆ" ಎಂದಳು.

ಮದುವೆಯಾಗಿ ಬಂದವಳು ನನ್ನ ಅಡುಗೆಗೆ ಒಂದು ದಿನವೂ ಉಪ್ಪು ಸಾಲದು ಎಂದವಳಲ್ಲ. ಎದ್ದು ಹೋಗಿ ಉಪ್ಪಿನ ಡಬ್ಬ ತಂದೆ. ಅಂಗೈಗೆ ಸುರಿದುಕೊಂಡು ಅವಳ ಮುಖದ ಹತ್ತಿರ ಹಿಡಿದೆ, ಉಪ್ಪೇ ಹೌದು, ನೋಡು ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು.

"ತೋರಿಸಬೇಡಿ. ಹಾಕಿ" ಎಂದಳು.

ಹಾಕಿದೆ. ಬಟ್ಟಲು ಪೂರ್ತಿ ಕುಡಿದಳು. ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು, ನಾನು ಸೆರಗಿನಲ್ಲಿ ಒರೆಸಿದೆ. ವಿಜಯನ ಹೆಸರು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಮೂಲ್ಯಾ ಬಾಗಿಲ ಹತ್ತಿರ ನಿಂತು ಎಲ್ಲ ನೋಡುತ್ತಿದ್ದಳು. ಉದ್ದವಾಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ. ಬಾ ಎಂದು ಕರೆದೆ, ಬರಲಿಲ್ಲ. ಅವಳಿಗೆಂದು ಇಟ್ಟ ಗಂಜಿ ಆರಿ ಕೆನೆ ಕಟ್ಟಿತು. ಹಾಸ್ಟೆಲಿಗೆ ಓಡಿ ಹೋಗಿ ಉಂಡು ಬಂದಳು. ದಿನವೂ ಹಾಗೇ ಮಾಡುತ್ತಾಳೆ. ರಾತ್ರಿ ಮಾತ್ರ ನನ್ನ ಚಾಪೆಯ ತುದಿಯಲ್ಲಿ, ನನಗೆ ತಾಗದ ಹಾಗೆ ಮಲಗುತ್ತಾಳೆ. ನಾನು ಒತ್ತಾಯ ಮಾಡುವುದಿಲ್ಲ. ಮೂರು ಹೊತ್ತೂ ಅವಳ ಬಟ್ಟಲು ಹಾಕಿಡುತ್ತೇನೆ, ತೆಗೆಯುತ್ತೇನೆ.

ದೇವಕಿಯ ಬೆರಳು ಮಡಚುವ ತನಕ ನಾನು ಇಲ್ಲೇ. ನೀವು ದಿನಾ ಗಂಜಿ ಒಂದೇ ಮಾಡಿಕೊಳ್ಳಬೇಡಿ. ತೊಂಡೆ ಚಪ್ಪರದಲ್ಲಿ ಕಾಯಿ ಬಲಿತಿರುತ್ತದೆ. ಒಗ್ಗರಣೆ ಹಾಕಿ ಮುಚ್ಚಿಟ್ಟರೆ ಬೇಯುತ್ತದೆ, ನೀರು ಬೇಡ.

ವೆಂಕಮ್ಮ